ಎರಡೆಲೆಯಲ್ಲೇ ನಿಂತ ಮೆಣಸಿನ ಸಸಿ

ಕರಾವಳಿಯ ಸಹೋದರಿಯೊಬ್ಬರು ಕೇಳಿದ್ದಾರೆ: ‘ಮಳೆಗೆ ಹೊರಗಡೆ ಬೀಜ ಕೊಳೆಯುತ್ತದೆಂದು ಅಡುಗೆ ಮನೆಯಲ್ಲಿ ಲೋಟಗಳಲ್ಲಿ ಮೆಣಸು ಬಿತ್ತಿದೆ. ಮೊಳಕೆ ಬಂದು ಮೂರು ವಾರವಾಯಿತು. ಸಸಿ ಮೇಲೇಳುತ್ತಿಲ್ಲ. ಯಾವ ಗೊಬ್ಬರ ಹಾಕಲಿ?’

ಕಳೆದ ವರ್ಷ ಅವರು ಮನೆಗಾಗಿ ಮಿಕ್ಕಿದ ಮೆಣಸನ್ನು ಅಂಗಡಿಗೆ ಕೊಟ್ಟು ಮಗಳ ಪುಸ್ತಕದ ಖರ್ಚು ನೋಡಿಕೊಂಡಿದ್ದರಂತೆ. ಮಳೆ ಇಳಿಯುವ ಹೊತ್ತಿಗೆ ಸಸಿ ತಯಾರಾಗದಿದ್ದರೆ ಗಿಡ ಕಾಯಿ ಬಿಡುವಾಗ ಬಾವಿಯಲ್ಲಿ ನೀರಿರುವುದಿಲ್ಲ. ಆದ್ದರಿಂದ ಅವರ ಆತುರ ನನಗೆ ಅರ್ಥವಾಗುತ್ತದೆ.

ಆದರೆ ಸಹೋದರಿ, ಸದ್ಯಕ್ಕೆ ಗೊಬ್ಬರ ಬೇಡ. ನಾನೂ ಒಮ್ಮೆ ಐಸ್‌ಕ್ರೀಮ್ ಡಬ್ಬಿಗಳಲ್ಲಿ ಬದನೆ ಬಿತ್ತಿ, ಬೆಳೆಯುತ್ತಿಲ್ಲವೆಂದು ಮೀನು ತೊಳೆದ ನೀರು ಹೊಯ್ದೆ. ಸಸಿ ಬೆಳೆಯಲಿಲ್ಲ, ಬೆಕ್ಕು ಮಾತ್ರ ದಿನಾ ಬರತೊಡಗಿತು. ಡಬ್ಬಿಯ ಅಡಿಯಲ್ಲಿ ತೂತೇ ಇರಲಿಲ್ಲ!

ಮೊದಲು ಲೋಟವನ್ನು ಕೈಯಲ್ಲೆತ್ತಿ ನೋಡಿ. ನೀರು ಹಾಕಿ ಎರಡು ದಿನವಾದರೂ ಭಾರವಾಗಿದ್ದರೆ ಬೇರಿಗೆ ಗಾಳಿ ಸಿಗುತ್ತಿಲ್ಲ. ಒಂದು ಸಸಿಯನ್ನು ಮಣ್ಣಿನ ಸಮೇತ ಮೆಲ್ಲನೆ ಬಿಡಿಸಿ. ಬೇರು ಬಿಳಿಯಾಗಿದ್ದರೆ ಚಿಂತೆಯಿಲ್ಲ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಅದು ಕೊಳೆಯುತ್ತಿದೆ. ಅಂಥ ಬೇರು ಗೊಬ್ಬರವನ್ನು ಹೀರುವುದಿಲ್ಲ. ಎಲೆಯ ಅಡಿಭಾಗ ನೇರಳೆಯಾದರೂ ಹಲವು ಸಲ ಕಾರಣ ಇದೇ: ಮಣ್ಣಿನಲ್ಲಿ ರಂಜಕವಿದೆ, ತಣ್ಣಗೆ ಒದ್ದೆಯಾದ ಬೇರು ಅದನ್ನು ಎಳೆದುಕೊಳ್ಳುವುದಿಲ್ಲ. ಅಡಿಗೆ ಮೂರ್ನಾಲ್ಕು ತೂತು ಮಾಡಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಿ.

ಎರಡನೆಯದು ಬೆಳಕು. ನಮ್ಮ ಕಣ್ಣಿಗೆ ಅಡುಗೆ ಮನೆ ಬೆಳಕಾಗಿಯೇ ಕಾಣುತ್ತದೆ, ಸಸಿಗೆ ಹಾಗಲ್ಲ. ಕಿಟಕಿಯಿಂದ ಒಂದು ಮೊಳ ದೂರ ಸರಿದರೂ ಬೆಳಕು ಬಹಳ ಕಡಿಮೆಯಾಗುತ್ತದೆ, ಮೋಡದ ದಿನವಂತೂ ಕೇಳಬೇಡಿ. ಕಾಂಡ ನೂಲಿನಂತೆ ಉದ್ದವಾಗಿ ಒಂದೇ ಕಡೆಗೆ ಬಾಗಿದ್ದರೆ ಅದು ಬೆಳಕಿನ ಕೊರತೆ. ಲೋಟಗಳನ್ನು ಸಿಟೌಟ್‌ಗೆ, ಮಳೆಯ ಎರಚಲು ತಾಗದ ಅಂಚಿಗೆ ತನ್ನಿ. ಮೊದಲ ದಿನ ಎರಡು ಗಂಟೆ ಸಾಕು, ಮತ್ತೆ ದಿನಾ ಹೆಚ್ಚಿಸಿ. ಅಂಥ ಜಾಗವಿಲ್ಲದವರು ಬಿಳಿ ಎಲ್‌ಇಡಿ ಬಲ್ಬನ್ನು ಸಸಿಯಿಂದ ಒಂದು ಗೇಣು ಮೇಲೆ ತೂಗಿಸಿ, ಸುಬಹಿಯಿಂದ ಇಶಾದವರೆಗೆ ಉರಿಸಬಹುದು.

ತೆಂಗಿನ ನಾರಿನ ಹುಡಿಯಲ್ಲೇ ಬಿತ್ತಿದ್ದರೆ ಬೇರೆ ಮಾತು. ಅದರಲ್ಲಿ ಆಹಾರವೆಂಬುದು ಇಲ್ಲವೇ ಇಲ್ಲ ಎನ್ನಬಹುದು, ಸರಿಯಾಗಿ ತೊಳೆಯದಿದ್ದರೆ ಉಪ್ಪೂ ಇರುತ್ತದೆ. ಮೂರನೇ, ನಾಲ್ಕನೇ ಎಲೆ ಕಂಡ ನಂತರ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಸುಡುಮಣ್ಣು ಬೆರೆಸಿದ ಸ್ವಲ್ಪ ದೊಡ್ಡ ಲೋಟಕ್ಕೆ ಬದಲಿಸಿ. ಅಂಗಡಿಯ 19:19:19 ಗೊಬ್ಬರವಾದರೆ ಲೀಟರ್ ನೀರಿಗೆ ಒಂದು ಗ್ರಾಮ್ ಸಾಕು. ‘ಇನ್ನೂ ಸ್ವಲ್ಪ ಇರಲಿ’ ಎಂದರೆ ಎಲೆಯ ತುದಿ ಕರಟುತ್ತದೆ.

ಇನ್ನೊಂದು ವಿಷಯ. ಮೆಣಸು ಹುಟ್ಟಿನಿಂದಲೇ ನಿಧಾನಿ. ಟೊಮೆಟೊ ಸಸಿ 25-30 ದಿನಗಳಲ್ಲಿ ನಾಟಿಗೆ ಬಂದರೆ ಮೆಣಸಿಗೆ 40-45 ದಿನ ಬೇಕು. ಪಕ್ಕದ ಮನೆಯ ಟೊಮೆಟೊ ನೋಡಿ ನಿಮ್ಮ ಮೆಣಸನ್ನು ಬೈಯಬೇಡಿ.

ಬೆಳಕು, ನೀರು ಸರಿಪಡಿಸಿದ ಮೇಲೆ ಹತ್ತು ದಿನ ಕಾಯಿರಿ. ಬೇರು ಬಿಳಿಯಿದ್ದ ಸಸಿ ಅಷ್ಟರಲ್ಲಿ ಹೊಸ ಎಲೆ ತೋರಿಸುತ್ತದೆ. ಆದರೂ ಉಳಿದ ಬೀಜದಲ್ಲಿ ಅರ್ಧವನ್ನು ಇವತ್ತೇ ಬೇರೆ ಲೋಟಗಳಲ್ಲಿ ಬಿತ್ತಿಡಿ, ತೂತು ಮಾಡಿದ ಲೋಟಗಳಲ್ಲಿ.