ತೊಟ್ಟಿಲು ತಿರುಗಲಿ, ಬುತ್ತಿಗೂ ಜಾಗವಿರಲಿ

ಶಾಲೆಗೆ ರಜೆ ಬಿತ್ತೆಂದರೆ ಜಿಲ್ಲೆಯ ಮನೆಮನೆಯಲ್ಲೂ ಒಂದೇ ರಾಗ. ಮಕ್ಕಳಿಗೆ ಎಲ್ಲಿಗಾದರೂ ಹೋಗಬೇಕು. 'ಎಲ್ಲಿಗಾದರೂ' ಅಂದರೆ ಈಗ ಜಾತ್ರೆಯೂ ಆಗದು, ಸೋದರಮಾವನ ಊರೂ ಆಗದು. ರೈಡು ಇರುವ ಪಾರ್ಕೇ ಆಗಬೇಕು. ನೀರಲ್ಲಿ ಜಾರಬೇಕು, ಮೇಲಿಂದ ಧುಮುಕಬೇಕು, ಗಂಟಲು ಹರಿಯುವಂತೆ ಕಿರುಚಬೇಕು, ಮಾರನೆಯ ದಿನ ಬೀದಿಯ ಹುಡುಗರ ಮುಂದೆ ಕೊಚ್ಚಿಕೊಳ್ಳಬೇಕು. ಮಕ್ಕಳ ಆಸೆಯಲ್ಲಿ ತಪ್ಪೇನಿಲ್ಲ. ವರ್ಷವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅಪ್ಪನಿಗೂ, ಒಲೆಯ ಮುಂದೆ ನಿಂತ ಅಮ್ಮನಿಗೂ ಹೊರಗೆ ಹೋಗಲು ಒಂದು ದಿನ ಬೇಕೇ ಬೇಕು. ಆದರೆ ಆ ಒಂದು ದಿನ ಯಾರ ಕೈಗೆ ಎಟಕುತ್ತದೆ? ಆ ದಿನದ ದುಡ್ಡು ಯಾರ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ?

ಮಂಡ್ಯ ಜಿಲ್ಲೆಯಲ್ಲಿ ಇದನ್ನು ಕೇಳಲು ಕಾರಣವಿದೆ. ಕನ್ನಂಬಾಡಿಗೆ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು ಬರುತ್ತದೆಂಬ ಮಾತು 2018ರಲ್ಲೇ ಹುಟ್ಟಿತು. ಜೊತೆಗೆ 125 ಅಡಿ ಎತ್ತರದ ಕಾವೇರಿ ಪ್ರತಿಮೆಯ ಮಾತೂ ಬಂತು. ಸರ್ಕಾರ ಬದಲಾಯಿತು, ಮಾತು ಮಲಗಿತು. ಮತ್ತೆ 2024ರಲ್ಲಿ ಎದ್ದು ಕೂತು, ಬೃಂದಾವನವನ್ನು ಸುಮಾರು 2,660 ಕೋಟಿ ರೂಪಾಯಿ ಲೆಕ್ಕದಲ್ಲಿ, ಖಾಸಗಿಯವರನ್ನು ಜೊತೆಗೂಡಿಸಿಕೊಂಡು ಮೇಲಕ್ಕೆತ್ತುವ ಯೋಜನೆಗೆ ಸಂಪುಟದ ಒಪ್ಪಿಗೆ ಬಿತ್ತು. 2025ರಲ್ಲಿ ರೈತರು ಬೀದಿಗಿಳಿದು, ಕಟ್ಟೆಯ ಬುಡದಲ್ಲಿ ಅಮ್ಯೂಸ್‌ಮೆಂಟ್ ಪಾರ್ಕು ಬೇಡವೇ ಬೇಡ ಎಂದರು. ಸುಮಾರು 49 ಟಿಎಂಸಿ ನೀರು ಹಿಡಿದಿಡುವ ಕಟ್ಟೆ ಅದು. ಅದರ ಭದ್ರತೆಯ ಪ್ರಶ್ನೆ ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದೊಡ್ಡ ಪ್ರಶ್ನೆಯ ಗದ್ದಲದಲ್ಲಿ ಸಣ್ಣ ಮನುಷ್ಯನ ಪ್ರಶ್ನೆಯೊಂದು ಮೂಲೆಗೆ ಸರಿದಿದೆ. ಪಾರ್ಕು ಬಂದರೆ ಅದರೊಳಗೆ ಹೋಗುವವರು ಯಾರು?

ಲೆಕ್ಕ ಹಾಕಿ ನೋಡೋಣ. ಬಿಡದಿಯ ಬಳಿ 2005ರಲ್ಲಿ ವಂಡರ್‌ಲಾ ಬಾಗಿಲು ತೆರೆಯಿತು. ಅಲ್ಲಿಂದೀಚೆಗೆ ಈ ಸೀಮೆಯ ಮಕ್ಕಳಿಗೆ ಪಾರ್ಕು ಎಂದರೆ ಏನೆಂದು ಗೊತ್ತಾಯಿತು. ಅಂಥ ದೊಡ್ಡ ಪಾರ್ಕುಗಳಲ್ಲಿ ಈಗ ದೊಡ್ಡವರ ಟಿಕೆಟ್ಟು ಸಾವಿರ ರೂಪಾಯಿ ದಾಟಿದೆ. ರೈಡು ಹತ್ತದೆ ನೆರಳಲ್ಲಿ ಚೀಲ ಕಾಯುವ ಅಜ್ಜಿಗೂ ಟಿಕೆಟ್ಟು ಬೇಕು. ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಮಕ್ಕಳು ಗೇಟು ದಾಟುವಷ್ಟರಲ್ಲಿ ಕೆಲವು ಸಾವಿರ ಕರಗಿರುತ್ತದೆ. ಒಳಗೆ ಹೋದ ಮೇಲೆ ಊಟ, ಲಾಕರು, ನೀರಿಗಿಳಿಯಲು ಬಟ್ಟೆ. 2017ರಲ್ಲಿ ಜಿಎಸ್‌ಟಿ ಬಂದಾಗ ಈ ಟಿಕೆಟ್ಟನ್ನು ಸಿಗರೇಟಿನ ಸಾಲಿನಲ್ಲೇ ನಿಲ್ಲಿಸಿ ನೂರಕ್ಕೆ 28 ತೆರಿಗೆ ಹಾಕಿದ್ದರು. 2018ರ ಜನವರಿಯಲ್ಲಿ ಅದು 18ಕ್ಕೆ ಇಳಿಯಿತು. ಮಕ್ಕಳ ಆಟವನ್ನು ಸರ್ಕಾರವೇ ಸಿರಿವಂತರ ಖಯಾಲಿ ಎಂದು ಬರೆದುಕೊಂಡ ಹಾಗಾಯಿತು.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಅಂಥ ಕಡೆ ಕಕ್ಕಸು ಚೊಕ್ಕಟವಾಗಿರುತ್ತದೆ, ಸಾಲು ನೆಟ್ಟಗಿರುತ್ತದೆ, ರೈಡಿಗೆ ಹತ್ತಿಸುವ ಮುಂಚೆ ಮಗುವಿನ ಎತ್ತರ ಅಳೆಯುತ್ತಾರೆ, ಬೆಲ್ಟು ಎಳೆದು ನೋಡುತ್ತಾರೆ. ಜಾತ್ರೆಯ ತೊಟ್ಟಿಲಿಗೆ ಈ ಕಾಳಜಿ ಎಲ್ಲಿಂದ ಬರಬೇಕು! ದುಡ್ಡು ಕೊಟ್ಟವನಿಗೆ ಮರ್ಯಾದೆ ಸಿಗುತ್ತದೆ. ಜನರ ದುಡ್ಡಿನಲ್ಲೇ ನಡೆಯುವ ಜಾಗಗಳಲ್ಲಿ ಅದೇ ಮರ್ಯಾದೆ ಯಾಕೆ ಸಿಗಬಾರದು?

ಇನ್ನು ಅಂಗಡಿಯವರ ಪಾಡು. ಒಂದು ಸಂಸಾರ ಹೊರಗೆ ಹೊರಟಿತೆಂದರೆ ಹಿಂದೆಲ್ಲ ದಾರಿಯುದ್ದಕ್ಕೂ ನಾಲ್ಕು ಕಾಸು ಉದುರುತ್ತಿತ್ತು. ಮದ್ದೂರಿನಲ್ಲಿ ವಡೆ, ಚನ್ನಪಟ್ಟಣದಲ್ಲಿ ಬೊಂಬೆ, ಬಸ್ ಸ್ಟ್ಯಾಂಡಿನಲ್ಲಿ ಸೌತೆಕಾಯಿ, ಕಡಲೆಕಾಯಿ, ಮೊಳ ಮಲ್ಲಿಗೆ. 2023ರ ಮಾರ್ಚಿಯಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬಳಸಿಕೊಂಡು ಕಾರುಗಳು ಹಾರಿಹೋಗತೊಡಗಿದವು. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಆ ರಸ್ತೆಯೇ ಬಂದ್. ಅಪಘಾತ ತಪ್ಪಿಸಲು ಮಾಡಿದ್ದು, ಸರಿ. ಆದರೆ ಹಳೇ ರಸ್ತೆಯ ಅಂಗಡಿಯವನು ನೊಣ ಹೊಡೆಯುತ್ತಾ ಕೂತದ್ದೂ ಸುಳ್ಳಲ್ಲ. ಈಗ ಕನ್ನಂಬಾಡಿಯಲ್ಲೂ ಎತ್ತರದ ಕಾಂಪೌಂಡು ಎದ್ದು, ಕಾರು ನೇರ ಒಳಗೆ ಹೋಗಿ, ಊಟ, ಬೊಂಬೆ, ಕಾಫಿ ಎಲ್ಲ ಒಳಗೇ ಮುಗಿದು, ಸಂಜೆ ಅದೇ ದಾರಿಯಲ್ಲಿ ಮರಳಿ ಹೋದರೆ ಹೊರಗೆ ಮೀನು ಕರಿಯುವವನಿಗೆ ದಕ್ಕುವುದು ಕಾರಿನ ಧೂಳು ಮಾತ್ರ. 2022ರಲ್ಲಿ ಚಿರತೆ ಕಾಣಿಸಿಕೊಂಡಿತೆಂದು ಬೃಂದಾವನದ ಬಾಗಿಲು ಹಾಕಿದ್ದರು. ಉದ್ಯಾನ ಮುಚ್ಚಿದರೆ ಸುತ್ತಲಿನ ಎಷ್ಟು ಒಲೆ ಆರುತ್ತವೆ ಎಂಬುದು ಆಗ ಗೊತ್ತಾಗಿದೆ. ಚಿರತೆಯನ್ನು ಬೋನು ಇಟ್ಟು ಹಿಡಿಯಬಹುದು. ಕಾಂಪೌಂಡಿಗೆ ಯಾವ ಬೋನು?

ಬೃಂದಾವನ ಹುಟ್ಟಿದ್ದು ಹೀಗಲ್ಲ. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ, 1927ರಲ್ಲಿ ಕೆಲಸ ಶುರುವಾಗಿ 1932ರ ಹೊತ್ತಿಗೆ ಕಟ್ಟೆಯ ಕೆಳಗೆ ಸುಮಾರು 60 ಎಕರೆಯಲ್ಲಿ ತೋಟ ಎದ್ದು ನಿಂತಿತು. ಜರ್ಮನಿಯಿಂದ ಬಂದ ಕ್ರುಂಬಿಗಲ್ ಅದರ ವಿನ್ಯಾಸಕ್ಕೆ ಕೈ ಹಚ್ಚಿದರು. ಸಿನಿಮಾದವರು ಬಂದರು, ಹಾಡು ತೆಗೆದರು. ಆ ಹಾಡು ನೋಡಿದ ಜನ ಬಸ್ಸು ಹತ್ತಿ ಬಂದರು. ಬುತ್ತಿ ಬಿಚ್ಚಿ ಚಿತ್ರಾನ್ನ, ಮೊಸರನ್ನ ತಿಂದರು, ಕತ್ತಲಾಗುವ ತನಕ ಕಾದು ಕಾರಂಜಿ ನೋಡಿ ಕಣ್ಣರಳಿಸಿದರು. ಒಂದು ಇಡೀ ತಲೆಮಾರಿನ 'ಪಾರ್ಕಿಗೆ ಹೋಗಿ ಬಂದ ದಿನ' ಅಂದರೆ ಅದೇ.

ಡಿಸ್ನಿಲ್ಯಾಂಡ್ ಮಾದರಿ ಎನ್ನುವವರು ಆ ಮಾದರಿಯ ಕಥೆಯನ್ನೂ ಕೊಂಚ ಓದಬೇಕು. ವಾಲ್ಟ್ ಡಿಸ್ನಿ ಭಾನುವಾರ ಹೆಣ್ಣುಮಕ್ಕಳನ್ನು ಕುದುರೆ ತೊಟ್ಟಿಲು ಆಡಿಸಲು ಕರೆದೊಯ್ದು, ತಾನು ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದಾಗ, ಅಪ್ಪ ಅಮ್ಮ ಮಕ್ಕಳು ಮೂವರೂ ಒಟ್ಟಿಗೆ ಸಂತೋಷಪಡುವ ಒಂದು ಜಾಗ ಬೇಕು ಅನ್ನಿಸಿತಂತೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಬಾಗಿಲು ತೆರೆದ ದಿನ ಏನಾಯಿತು ಗೊತ್ತೇ? ಕೊಳಾಯಿ ಕೆಲಸದವರ ಮುಷ್ಕರದಿಂದ, ಕುಡಿಯುವ ನೀರಿನ ನಲ್ಲಿ ಬೇಕೋ ಕಕ್ಕಸು ಬೇಕೋ ಎಂದು ಆರಿಸಿಕೊಳ್ಳುವ ಗತಿ ಬಂತು. ಡಿಸ್ನಿ ಕಕ್ಕಸನ್ನು ಆರಿಸಿಕೊಂಡರು. ಬಿಸಿಲಲ್ಲಿ ಬಾಯಾರಿದ ಜನ ಬೈದರು. ಅಷ್ಟು ದೊಡ್ಡ ಪಾರ್ಕಿನ ಮೊದಲ ದಿನದ ಮರ್ಯಾದೆ ಹೋಗಿದ್ದು ನಲ್ಲಿಯ ವಿಚಾರಕ್ಕೆ!

ಹಾಗಾಗಿ ಮಾತು ಇಷ್ಟೇ. ಅಣೆಕಟ್ಟೆಯ ಬಗ್ಗೆ ರೈತರಿಗೆ ಒಪ್ಪಿಗೆಯಾಗುವ ಉತ್ತರ ಸಿಗುವ ತನಕ ದೊಡ್ಡ ಯಂತ್ರದ ಮಾತು ಬೇಡ. ಅಲ್ಲಿಯ ತನಕ ಮಾಡಬಹುದಾದ ಕೆಲಸಕ್ಕೆ ಸಾವಿರಾರು ಕೋಟಿ ಬೇಕಿಲ್ಲ. ನೆರಳು ಬೇಕು, ಕೂರಲು ಬೆಂಚು ಬೇಕು, ಕುಡಿಯಲು ನೀರು ಬೇಕು, ಹೆಂಗಸರು ಮೂಗು ಮುಚ್ಚದೆ ಹೋಗಿ ಬರುವಂಥ ಕಕ್ಕಸು ಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾಗಿದೆ. ಈಗ ಅಜ್ಜಿಯೇ "ನಡೀರಿ, ಕನ್ನಂಬಾಡಿ ನೋಡ್ಕಂಡು ಬರವಾ" ಅಂತ ಮೊದಲು ಎದ್ದು ನಿಲ್ಲುತ್ತಾಳೆ. ಹೋಗಲು ಬಸ್ಸು ಸಿಕ್ಕೀತು. ಕಾರಂಜಿ ಮುಗಿದ ಮೇಲೆ ಪಾಂಡವಪುರಕ್ಕೋ ನಾಗಮಂಗಲಕ್ಕೋ ಹಿಂತಿರುಗಲು ಬಸ್ಸು ಬೇಡವೇ? ನಿದ್ದೆಗಣ್ಣಿನ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ನಿಂತವರಿಗೆ ಕೊನೇ ಬಸ್ಸಿನ ವೇಳೆ ಬರೆದ ಒಂದು ಬೋರ್ಡಾದರೂ ಬೇಡವೇ?

ಮುಂದೆ ಪಾರ್ಕು ಬಂದೇ ಬಂತು ಅಂದುಕೊಳ್ಳಿ. ಆಗ ಕರಾರು ಪತ್ರಕ್ಕೆ ರುಜು ಬೀಳುವ ಮುಂಚೆಯೇ ನಾಲ್ಕು ಮಾತು ಅದರಲ್ಲಿ ಇರಲಿ. ತೋಟಕ್ಕೆ ಒಂದು ಟಿಕೆಟ್ಟು, ರೈಡಿಗೆ ಬೇರೆ ಟಿಕೆಟ್ಟು ಇರಲಿ, ಬರೀ ಹೂವು ಕಾರಂಜಿ ನೋಡಲು ಬಂದವನ ಜೇಬಿಗೆ ಯಂತ್ರದ ಬಾಡಿಗೆ ಬೀಳದಿರಲಿ. ಮನೆಯ ಬುತ್ತಿಯನ್ನು ಗೇಟಿನಲ್ಲಿ ಕಿತ್ತುಕೊಳ್ಳದಿರಲಿ. ಸುತ್ತಲಿನ ಊರಿನವರಿಗೆ ಒಳಗೆ ಅಂಗಡಿಯೂ ಕೆಲಸವೂ ಬರಹದಲ್ಲಿ ಇರಲಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಕಡಿಮೆ ದರದ ದಿನಗಳನ್ನು ಈಗಲೇ ಗೊತ್ತುಮಾಡಲಿ. ರುಜು ಬಿದ್ದ ಮೇಲೆ ಕೇಳಿದರೆ "ಕರಾರಿನಲ್ಲಿ ಇಲ್ಲ ಸ್ವಾಮಿ" ಎಂಬ ಉತ್ತರ ಬರುವುದು ಗ್ಯಾರಂಟಿ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಹಳೆಯದು. ಮಲ್ಲಿಗೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಆ ಮಲ್ಲಿಗೆ ಈ ಜಿಲ್ಲೆಯ ಹೂವಾಡಗಿತ್ತಿಯ ಬುಟ್ಟಿಯಿಂದ ಬರಲಿ, ಬಸ್ಸಿನಲ್ಲಿ ಬಂದ ಹೆಣ್ಣುಮಗಳ ಮುಡಿಗೂ ಸಿಗಲಿ. ಜಿಲ್ಲೆಯ ಶಾಸಕರೂ ಉಸ್ತುವಾರಿ ಸಚಿವರೂ ಕಾರಿನ ಗಾಜು ಇಳಿಸಿ, ಒಂದು ಭಾನುವಾರ ಸಂಜೆ ಕನ್ನಂಬಾಡಿಯ ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತು ನೋಡಲಿ. ಯೋಜನೆಯ ನಕ್ಷೆಯಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಅಲ್ಲಿ ಸಾಲಾಗಿ ನಿಂತಿರುತ್ತದೆ.