ಚೀಟಿಯೊಳಗಿನ ‘ಡಸ್ಟ್’ ಯಾವುದು?

ಅಕ್ಕೋಳದ ಕಿರಾಣಿ ಅಂಗಡಿಯಾಗ ‘ಪಾವ್ ಕಿಲೋ ಡಸ್ಟ್ ಕೊಡ್ರಿ’ ಅಂದರೆ ಅಂಗಡಿಕಾರ ಏನೂ ಕೇಳದೆ ಚಹಾಪುಡಿ ಕಟ್ಟಿ ಕೊಡುತ್ತಾನೆ. ಅದೇ ಮಾತನ್ನು ಖಡಿ ಮಷೀನಿನ ಗೇಟಿನಲ್ಲಿ ಹೇಳಿದರೆ ‘ಟ್ರ್ಯಾಕ್ಟರ್ ತಂದೀರೇನು?’ ಎಂಬ ಪ್ರಶ್ನೆ ಬರುತ್ತದೆ. ನಿಪ್ಪಾಣಿಯ ತಂಬಾಕು ವಖಾರದಲ್ಲಿ ದುಡಿದ ಹೆಣ್ಣುಮಕ್ಕಳ ಮುಂದೆ ಹೇಳಿದರೆ ಅವರ ಕೈ ತಾನಾಗಿ ಸೆರಗಿಗೆ ಹೋಗಿ ಮೂಗು ಮುಚ್ಚುತ್ತದೆ. ಮೂರೂ ಕಡೆ ಶಬ್ದ ಒಂದೇ, ವಸ್ತು ಬ್ಯಾರೆ ಬ್ಯಾರೆ.

ಇಂಗ್ಲಿಷಿನವರ ಈ ಪುಟ್ಟ ಶಬ್ದ ಬಲು ಚಾಲಾಕಿ. ಸಾಲಿ ಮಾಸ್ತರರ ಕೈಯಾಗಿನ ಡಸ್ಟರ್ ಹಲಗೆಯ ಮೇಲಿನ ಖಡುವಿನ ಪುಡಿ ತೆಗೆಯುತ್ತದೆ. ಹೊಲದಾಗ ರೈತ ಹೆಗಲಿಗೆ ಹಾಕಿಕೊಂಡು ತಿರುವುವ ಡಸ್ಟರ್ ಪುಡಿ ಉದುರಿಸುತ್ತದೆ. ಒಂದು ಒರೆಸುವುದು, ಇನ್ನೊಂದು ಎರಚುವುದು. ಹೆಸರು ಮಾತ್ರ ಒಂದೇ. ಒಂದು ಕಾಲಕ್ಕೆ ಆ ಹೊಲದ ಡಸ್ಟರಿನಲ್ಲಿ ತುಂಬುತ್ತಿದ್ದದ್ದು ಬಿಎಚ್‌ಸಿ ಪುಡಿ. ಅದರ ವಿಷ ಮಣ್ಣಿನಾಗ, ಮೈಯಾಗ ಉಳಿಯುತ್ತದೆ ಎಂದು ಸರಕಾರ 1997ರಲ್ಲಿ ಅದನ್ನು ಬಂದ್ ಮಾಡಿತು. ಅಲ್ಲಿಯ ತನಕ ‘ಪೌಡರ್ ಹೊಡಿಯೂದು’ ಅಂದರೆ ಮುಖಕ್ಕೆ ಪೌಡರ್ ಹಚ್ಚಿದಷ್ಟೇ ಹಗುರ ಮಾತಾಗಿತ್ತು.

ನಮ್ಮ ಮಂದಿ ಮೊದಲು ಹೀಗೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತಿರಲಿಲ್ಲ. ದಾರಿಯದು ಧೂಳು, ಒಲೆಯದು ಬೂದಿ, ಕಾಳಿನದು ಹೊಟ್ಟು, ಗಿರಣಿಯದು ಹಿಟ್ಟು, ಕಟ್ಟಿಗೆ ಕೊಯ್ದದ್ದು ಹುಡಿ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಮಂದಿಯ ತಲೆ, ಅಂಗಿ, ಬಸ್ಸಿನ ಸೀಟು ಎಲ್ಲಾ ಹಳದಿ ಆಗುತ್ತವಲ್ಲ, ಅದಕ್ಕೆ ‘ಡಸ್ಟ್’ ಅಂದು ನೋಡಿ! ಅದು ಭಂಡಾರ. ಹಣೆಗೆ ಹಚ್ಚಿಕೊಳ್ಳುವ ವಸ್ತು. ಹೆಸರು ಬ್ಯಾರೆ ಇದ್ದದ್ದಕ್ಕೇ ಮರ್ಯಾದೆಯೂ ಬ್ಯಾರೆ ಇತ್ತು.

ವ್ಯಾಪಾರಸ್ಥರಿಗೆ ಈ ಗೊಂದಲದ ಖರ್ಚು ಗೊತ್ತು. ಚಹಾದಾಗ ಡಸ್ಟ್ ಎಂಬುದು ಕಸವಲ್ಲ, ಜರಡಿ ಹಿಡಿದು ಬೇರ್ಪಡಿಸಿದ ಸಣ್ಣ ದರ್ಜೆ. ಸಣ್ಣದಿದ್ದದ್ದಕ್ಕೇ ಲಗೂ ಬಣ್ಣ ಬಿಡುತ್ತದೆ. ಹೋಟೆಲಿನವನಿಗೆ ಬೇಕಾದದ್ದೂ ಅದೇ. ಕಾರ್ಖಾನೆಯ ನೆಲ ಬಳಿದ ಕಸ ಬ್ಯಾರೆ. ಅದು ಕುಡಿಯುವ ಚಹಾದಾಗ ಸೇರಬಾರದೆಂದೇ 1959ರಲ್ಲಿ ಚಹಾ ತ್ಯಾಜ್ಯ ನಿಯಂತ್ರಣ ಆದೇಶ ಬಂತು. ಖಡಿ ಮಷೀನಿನ ಡಸ್ಟ್ ಕತೆಯೂ ಹಾಂಗೇ. ಹೊಳೆಯ ಉಸುಕು ತುಟ್ಟಿ ಆದ ಮೇಲೆ ಎಂ-ಸ್ಯಾಂಡ್ ಬಂತು. ಎಂ-ಸ್ಯಾಂಡ್ ಅಂದರೆ ಕಲ್ಲು ಒಡೆದು, ಜರಡಿ ಹಿಡಿದು, ಬಹಳ ನುಣ್ಣಗಿನ ಪುಡಿಯನ್ನು ತೆಗೆದು ಅಳತೆಗೆ ತಂದ ಉಸುಕು. ಖಡಿ ಒಡೆಯುವಾಗ ಕೆಳಗೆ ಬೀಳುವ ಡಸ್ಟ್ ಅದಲ್ಲ. ಎರಡಕ್ಕೂ ‘ಡಸ್ಟ್‌ನ್ಯಾಗ ಕಟ್ಟೇವಿ’ ಅನ್ನುವ ಗೌಂಡಿ ಸಿಕ್ಕರೆ ಮನೆ ಕಟ್ಟಿಸುವವರು ಸ್ವಲ್ಪ ಹುಷಾರಾಗಿರುವುದು ಒಳ್ಳೇದು. ಗಿಲಾವು ಬಿರುಕು ಬಿಟ್ಟ ಮೇಲೆ ಜಗಳ ಮಾಡಿ ಉಪಯೋಗ ಇಲ್ಲ.

ಇವೆಲ್ಲ ರೊಕ್ಕದ ಹಾನಿ, ಮತ್ತ ದುಡಿದು ತುಂಬಬಹುದು. ತುಂಬಲಾಗದ್ದು ದವಾಖಾನೆಯ ಚೀಟಿಯ ಮ್ಯಾಲಿನ ಡಸ್ಟ್.

ನಿಪ್ಪಾಣಿ ಭಾಗ ತಂಬಾಕಿನ ಸೀಮೆ. ಬೀಡಿ ತಂಬಾಕು ಹೊಲದಾಗ ಬಿಸಿಲಿಗೆ ಒಣಗಿ ವಖಾರಕ್ಕೆ ಬರುತ್ತದೆ. ಅಲ್ಲಿ ಅದನ್ನು ಬಡಿಯಬೇಕು, ಜರಡಿ ಹಿಡಿಯಬೇಕು, ಕಡ್ಡಿ ಬ್ಯಾರೆ, ಚೂರು ಬ್ಯಾರೆ, ಪುಡಿ ಬ್ಯಾರೆ ಮಾಡಿ ಚೀಲ ತುಂಬಬೇಕು. ಈ ಕೆಲಸದ ಭಾರವನ್ನು ಹೊತ್ತವರು ಹೆಣ್ಣುಮಕ್ಕಳು. ಜರಡಿ ಅಲ್ಲಾಡಿಸಿದಷ್ಟೂ ಸಣ್ಣ ಪುಡಿ ಗಾಳಿಗೆ ಏಳುತ್ತದೆ. ಕಣ್ಣಿಗೆ ಕಾಣುವ ಧೂಳನ್ನು ಮೂಗು, ಗಂಟಲು ತಡೆಯುತ್ತವೆ. ಸೀನು, ಕೆಮ್ಮು ಬರುವುದು ಅದಕ್ಕೇ. ಕಾಣದ್ದು ಒಳಗೆ ಇಳಿಯುತ್ತದೆ. ಒಂದು ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎರಡೂವರೆ ಮೈಕ್ರಾನಿನ ಕಣ ಪುಪ್ಪುಸದ ತಳದ ತನಕ ಹೋಗಬಲ್ಲದು. ತಂಬಾಕಿನ ಪುಡಿಯಲ್ಲಿ ಬರೇ ಮಣ್ಣಿಲ್ಲ, ನಿಕೋಟಿನ್ ಇದೆ. ಬೀಡಿ ಬಾಯಿಗೆ ಹಚ್ಚದವಳಿಗೂ ಅದರ ಪಾಲು ಸಿಗುತ್ತದೆ.

1981ರಲ್ಲಿ ಶರದ ಜೋಶಿಯವರ ಮುಂದಾಳ್ತನದಲ್ಲಿ ಬೆಳೆಗಾರರು ನಿಪ್ಪಾಣಿಯ ಹೆದ್ದಾರಿ ಮೇಲೆ ಕುಂತು ದರ ಕೇಳಿದರು. ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಅದೇ ಕಾಲಕ್ಕೆ ವಖಾರದ ಹೆಣ್ಣುಮಕ್ಕಳು ಸಂಘ ಕಟ್ಟಿ ಕೂಲಿಗಾಗಿ ಬೀದಿಗೆ ಇಳಿದಿದ್ದರು. ಅವರ ಕತೆಯನ್ನು ಯುಗಾಂತರ ಎಂಬ ತಂಡ 1982ರಲ್ಲಿ ಸಿನೆಮಾ ಮಾಡಿತು. ದರದ ಮಾತು, ಕೂಲಿಯ ಮಾತು ಊರೆಲ್ಲ ಕೇಳಿತು. ಧೂಳಿನ ಮಾತಿಗೆ ಅಷ್ಟು ಕಿವಿ ಸಿಗಲಿಲ್ಲ. ‘ಧೂಳು ಎಲ್ಲಿ ಇಲ್ರಿ? ರಸ್ತೇದಾಗ ಇಲ್ಲೇನು?’ ಎಂಬ ಉತ್ತರ ಮಾಲಕರ ನಾಲಿಗೆ ತುದಿಯಲ್ಲೇ ಇರುತ್ತದೆ. ಒಂದೇ ಶಬ್ದದಿಂದ ಆಗುವ ಅನಾಹುತ ಇದು. ಬಸ್ ಸ್ಟ್ಯಾಂಡಿನ ಧೂಳಿಗೂ ವಖಾರದ ಧೂಳಿಗೂ ಭೇದವೇ ಇಲ್ಲದಂತೆ ಆಗುತ್ತದೆ.

ಹತ್ತಿಪ್ಪತ್ತು ವರ್ಷ ಜರಡಿ ಹಿಡಿದವಳು ಡಾಕ್ಟರರ ಮುಂದೆ ಕುಂತು ‘ದಮ್ಮು ಹತ್ತತೈತ್ರಿ ಸಾಹೇಬ್ರ’ ಅನ್ನುತ್ತಾಳೆ. ಡಾಕ್ಟರರು ಎದೆ ನೋಡಿ, ‘ಧೂಳಿನ್ಯಾಗ ಹೋಗಬ್ಯಾಡ್ರಿ ಅಕ್ಕಾ’ ಎಂದು ಹೇಳಿ ಚೀಟಿಯಲ್ಲಿ ‘ಡಸ್ಟ್ ಅಲರ್ಜಿ’ ಎಂದು ಗೀಚುತ್ತಾರೆ. ಔಷಧಕ್ಕೆ ಅಷ್ಟು ಸಾಕು. ಹಕ್ಕಿಗೆ ಸಾಲದು. ಯಾವ ಡಸ್ಟ್, ಎಲ್ಲಿಯದು, ಎಷ್ಟು ವರ್ಷದ್ದು? ಚೀಟಿಯಲ್ಲಿ ಇಲ್ಲ. ಹಾಜರಿ ಪುಸ್ತಕದಾಗ ಹೆಸರೂ ಇಲ್ಲದಿದ್ದರೆ ಆಕೆ ತಂಬಾಕು ಮುಟ್ಟಿದ್ದಳು ಎಂಬುದಕ್ಕೇ ಕಾಗದ ಇಲ್ಲ.

ಕಾನೂನು ಮಾತ್ರ ಧೂಳಿನ ಜಾತಿ ಕೇಳುತ್ತದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಗೆ ಉದ್ಯೋಗದಿಂದ ಬರುವ ರೋಗಗಳ ಪಟ್ಟಿ ಇತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಂಥ ಪಟ್ಟಿ ಇದೆ. ಕಲ್ಲಿನ ಪುಡಿಯಿಂದ ಬರುವ ಸಿಲಿಕೋಸಿಸ್ ಅದರಲ್ಲಿದೆ. ಹತ್ತಿ ಧೂಳಿನ ರೋಗ ಇದೆ. ಕಬ್ಬಿನ ಬಗ್ಯಾಸಿನ ಧೂಳಿನ ರೋಗಕ್ಕೂ ಬೇರೆಯೇ ಹೆಸರಿದೆ: ಬಗಾಸೋಸಿಸ್. ಉಗಾರದಿಂದ ಚಿಕ್ಕೋಡಿ ತನಕ ಸಕ್ಕರೆ ಕಾರ್ಖಾನೆಗಳ ಅಂಗಳದಾಗ ಗುಡ್ಡದಂತೆ ಒಟ್ಟಿದ ಬಗ್ಯಾಸ್ ಎಲ್ಲರೂ ನೋಡಿದ್ದಾರೆ. ಅದು ಹಳತಾಗಿ ಬೂಷ್ಟು ಹಿಡಿದಾಗ ಏಳುವ ಧೂಳಿನಿಂದ ಬರುವ ರೋಗಕ್ಕೆ ಈ ಹೆಸರು. ಕಾರ್ಖಾನೆಯ ಎಷ್ಟು ಕಾರ್ಮಿಕರು ಈ ಶಬ್ದ ಕೇಳಿದ್ದಾರು? ತಂಬಾಕಿನ ಧೂಳಿಗೆ ಮಾತ್ರ ಪಟ್ಟಿಯಲ್ಲಿ ಸ್ವಂತ ಸಾಲಿಲ್ಲ. ಸಸ್ಯ, ಪ್ರಾಣಿ ಮೂಲದ ಧೂಳಿನಿಂದಾಗುವ ಪುಪ್ಪುಸದ ಅಲರ್ಜಿ ರೋಗ ಎಂಬ ಒಂದು ಸಾಲಿದೆ. ಆ ಬಾಗಿಲು ಬಡಿಯಬೇಕಾದರೂ ಡಾಕ್ಟರರ ಕೈಯಿಂದ ‘ತಂಬಾಕು’ ಎಂಬ ಶಬ್ದ ಕಾಗದದ ಮೇಲೆ ಬಿದ್ದಿರಬೇಕು.

ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ 1966ರಲ್ಲೇ ಬಂತು. ಕೆಲಸದ ಜಾಗದಾಗ ಧೂಳು ಎದ್ದರೆ ಅದು ಕಾರ್ಮಿಕರ ಉಸಿರಿಗೆ ಹೋಗದ ಹಾಗೆ ವ್ಯವಸ್ಥೆ ಮಾಡು ಎಂದು ಮಾಲಕನಿಗೆ ಹೇಳುವ ಅಧಿಕಾರ ಅದರಲ್ಲಿತ್ತು. ಆ ಅಧಿಕಾರ ಚಲಾಯಿಸುವವರು ಬಂದು ಹೋದರೋ ಇಲ್ಲವೋ, ಹೆಣ್ಣುಮಕ್ಕಳ ಮೂಗಿಗೆ ಕಾವಲು ಅವರ ಸೆರಗೇ ಆಯಿತು. ತೆಳ್ಳನೆಯ ಅರಿವೆ ಸಣ್ಣ ಕಣವನ್ನು ಹಿಡಿಯುವುದಿಲ್ಲ.

ದೊಡ್ಡ ಬೇಡಿಕೆಗಳು ಸಂಘದವರಿಗೆ ಇರಲಿ. ಇವತ್ತೇ ಆಗಬಹುದಾದದ್ದು ಒಂದು ಇದೆ, ಅದಕ್ಕೆ ಪೈಸೆ ಖರ್ಚಿಲ್ಲ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಾಗಲಿ ಪ್ಯಾಟಿ ದವಾಖಾನೆಯಲ್ಲಾಗಲಿ, ದಮ್ಮಿನವರು ಬಂದಾಗ ‘ಏನ್ ಕೆಲಸ ಮಾಡ್ತೀರಿ ಅಕ್ಕಾ, ಎಷ್ಟ್ ವರ್ಷ ಆತು?’ ಎಂದು ಕೇಳಿ, ಉತ್ತರವನ್ನು ಚೀಟಿಯ ಮೇಲೆಯೇ ಬರೆಯಬೇಕು. ತಂಬಾಕಿನ ಧೂಳು, 15 ವರ್ಷ. ಖಡಿ ಮಷೀನಿನ ಕಲ್ಲುಪುಡಿ, 6 ವರ್ಷ. ಬಗ್ಯಾಸ್, 3 ಹಂಗಾಮು. ಡಾಕ್ಟರರು ಮರೆತರೆ ಮನೆಯವರು ನೆನಪು ಮಾಡಿ ಬರೆಸಿಕೊಳ್ಳಬೇಕು. ಬರೆಸಿಕೊಂಡ ಚೀಟಿಯನ್ನು ರೇಶನ್ ಕಾರ್ಡಿನ ಸಂಗಾಟ ಕಟ್ಟಿ ಇಡಬೇಕು.