ಧರ್ಮದ ದುಡ್ಡಿನ ಲೆಕ್ಕ ಕೇಳುವುದು ಅಧರ್ಮವೇ?

ಕಳ್ಳನು ಮನೆಗೆ ಕನ್ನವಿಕ್ಕಿದರೆ ಊರೆಲ್ಲ ಎದ್ದು ಕೂಗುತ್ತದೆ. ಆದರೆ ದೀನರ ಹೆಸರಿನಲ್ಲಿ ಕೂಡಿಸಿದ ಹಣವು ದೀನಬಂಧುಗಳೆನಿಸಿಕೊಂಡವರ ಭೋಗಕ್ಕೆ ವೆಚ್ಚವಾದಾಗ ಮಾತ್ರ ಸಭ್ಯರು ತುಟಿಯ ಮೇಲೆ ಬೆರಳಿಡುತ್ತಾರೆ. “ಸಂಸ್ಥೆಯ ಮಾನ ಹೋದೀತು, ಬಡವರ ಗಂಜಿ ನಿಂತೀತು, ಸುಮ್ಮನಿರಿ” ಎಂಬುದು ಅವರ ಉಪದೇಶ. ಈ ಉಪದೇಶದಷ್ಟು ಅಪಹಾರಿಗೆ ಹಿತವಾದುದು ಬೇರೊಂದಿಲ್ಲವೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಅಮೇರಿಕೆಯಲ್ಲಿ ‘ಯುನೈಟೆಡ್ ವೇ’ ಎಂಬುದೊಂದು ದೊಡ್ಡ ಧರ್ಮಸಂಸ್ಥೆ. 1887ರಲ್ಲಿ ಡೆನ್ವರ್ ನಗರದಲ್ಲಿ ಅದರ ಮೂಲವು ಊರಿತು. ಊರೂರಿನ ಶಾಖೆಗಳು ಕಾರಖಾನೆ ಕಚೇರಿಗಳಲ್ಲಿ ದುಡಿಯುವವರ ಸಂಬಳದಿಂದ ಕಂತು ಕಂತಾಗಿ ವಂತಿಗೆಯನ್ನು ಪಡೆದು ಆಯಾ ಊರಿನ ಪರೋಪಕಾರಿ ಸಂಘಗಳಿಗೆ ಹಂಚುವುದು ಅದರ ಪದ್ಧತಿ. 1990ರ ಸುಮಾರಿಗೆ ಹೀಗೆ ಕೂಡುತ್ತಿದ್ದ ಹಣವು ವರ್ಷಕ್ಕೆ 300 ಕೋಟಿ ಡಾಲರುಗಳಷ್ಟು. ಅದರಲ್ಲಿ ನೂರಕ್ಕೆ ಒಂದರಂತೆ ಶಾಖೆಗಳು ಕೇಂದ್ರ ಮಂಡಲಕ್ಕೆ ಸಲ್ಲಿಸುತ್ತಿದ್ದವು. ಆ ಕೇಂದ್ರದ ಚುಕ್ಕಾಣಿಯನ್ನು 1970ರಿಂದ ಹಿಡಿದಿದ್ದವರು ವಿಲಿಯಂ ಅರಾಮೊನಿ ಎಂಬವರು. ಅವರು ಸಮರ್ಥರಾಗಿದ್ದರೆಂಬುದನ್ನು ಅವರ ವೈರಿಗಳೂ ಅಲ್ಲಗಳೆಯಲಿಲ್ಲ. ಚದುರಿದ್ದ ಶಾಖೆಗಳಿಗೆ ಒಂದೇ ಹೆಸರನ್ನೂ ಒಂದೇ ಧ್ವಜವನ್ನೂ ಕೊಟ್ಟವರು ಅವರೇ.

1992ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಮೊದಲಾದ ಪತ್ರಿಕೆಗಳು ತೆರೆಯನ್ನೆತ್ತಿದವು. ಸಂಬಳ ಸವಲತ್ತುಗಳೆಲ್ಲ ಕೂಡಿ ಆ ಬಡವರ ಬಂಧುವಿಗೆ ವರ್ಷಕ್ಕೆ 4,63,000 ಡಾಲರುಗಳು! ಶಬ್ದಕ್ಕಿಂತ ವೇಗವಾಗಿ ಹಾರುವ ಕಾಂಕಾರ್ಡ್ ವಿಮಾನದಲ್ಲಿ ಪಯಣ. ನೆಲದ ಮೇಲೆ ಸಾರಥಿಸಹಿತವಾದ ಬಾಡಿಗೆ ಮೋಟಾರು. ಸಂಸ್ಥೆಯ ಹಣದಿಂದ ಹುಟ್ಟಿಸಿದ ಉಪಕಂಪನಿಯ ಹೆಸರಿನಲ್ಲಿ ನ್ಯೂಯಾರ್ಕಿನಲ್ಲೊಂದು ವಿಲಾಸದ ಮನೆ. ಅತ್ತೆಯ ದುಡ್ಡಿನಲ್ಲಿ ಅಳಿಯನು ದಾನ ಮಾಡಿದನೆಂಬ ಗಾದೆಯನ್ನು ನಾವು ಕೇಳಿದ್ದೇವೆ. ಇಲ್ಲಿ ಅಳಿಯನು ದಾನವನ್ನೂ ಮಾಡದೆ ತಾನೇ ಉಂಡನು.

ಅದೇ ತಿಂಗಳು ಅವರು ಅಧಿಕಾರವನ್ನು ಬಿಡಬೇಕಾಯಿತು. 1995ರಲ್ಲಿ ವರ್ಜಿನಿಯಾದ ಅಲೆಕ್ಸಾಂಡ್ರಿಯದಲ್ಲಿ ನಡೆದ ವಿಚಾರಣೆಯಲ್ಲಿ ಒಳಸಂಚು, ವಂಚನೆ ಮೊದಲಾದ ಆರೋಪಗಳು ಸಿದ್ಧವಾಗಿ, ಅವರಿಗೆ ಏಳು ವರುಷಗಳ ಸೆರೆಮನೆಯ ಶಿಕ್ಷೆಯಾಯಿತು. ಹಿಂದಿನ ಇಬ್ಬರು ಅಧಿಕಾರಿಗಳೂ ಅವರೊಡನೆ ದೋಷಿಗಳೆನಿಸಿದರು.

ಇಷ್ಟಾದ ಮೇಲೂ ಸಮರ್ಥನೆಗೆ ನಿಲ್ಲುವವರುಂಟು. ಅವರ ಮೊದಲನೆಯ ವಾದ: “ಕೋಟಿಗಟ್ಟಲೆ ಕೂಡಿಸಿದವನು ಸಾವಿರಗಟ್ಟಲೆ ತಿಂದರೇನು?” ಈ ವಾದವು ಅಂಗಡಿಕಾರನಿಗೆ ಒಪ್ಪೀತು, ಧರ್ಮಸಂಸ್ಥೆಗೆ ಒಪ್ಪದು. ವ್ಯಾಪಾರಿಯು ತನ್ನ ಲಾಭದಲ್ಲಿ ಉಣ್ಣುತ್ತಾನೆ. ವಿಶ್ವಸ್ತನ ಕೈಯಲ್ಲಿರುವುದು ಪರರ ಸ್ವತ್ತು. ಯಂತ್ರದ ಮುಂದೆ ನಿಂತು ದುಡಿದ ಕೂಲಿಕಾರನು ತನ್ನ ಮಕ್ಕಳ ಪಾಲಿನಿಂದ ತೆಗೆದಿಟ್ಟ ಡಾಲರನ್ನು ಬೇರೊಬ್ಬ ಬಡವನ ಮಕ್ಕಳಿಗೆಂದು ಕೊಟ್ಟನೇ ಹೊರತು ಯಾರ ವಿಮಾನಯಾನಕ್ಕೂ ಕೊಡಲಿಲ್ಲ. ಕೊಟ್ಟವನ ಸಂಕಲ್ಪವೇ ಆ ಹಣದ ಒಡೆಯ. ಅದನ್ನು ಮೀರಿದ ಮೇಲೆ ಮೊತ್ತವು ಚಿಕ್ಕದೋ ದೊಡ್ಡದೋ ಎಂಬ ಚರ್ಚೆಗೆ ಅರ್ಥವಿಲ್ಲ.

ಈ ತತ್ವವನ್ನು ನಾವು ಪಶ್ಚಿಮದಿಂದ ಕಲಿಯಬೇಕಾಗಿಯೂ ಇಲ್ಲ. ಆಶ್ರಮಕ್ಕೆ ಬಂದವರೊಬ್ಬರು ಕಸ್ತೂರಬಾ ಅವರ ಕೈಗಿತ್ತ ನಾಲ್ಕು ರೂಪಾಯಿಗಳು ಆಶ್ರಮದ ಲೆಕ್ಕಕ್ಕೆ ಸೇರದೆ ಉಳಿದಾಗ ಗಾಂಧೀಜಿಯವರು ಅದನ್ನು 1929ರಲ್ಲಿ ತಮ್ಮ ‘ನವಜೀವನ’ ಪತ್ರಿಕೆಯಲ್ಲಿಯೇ ಬಹಿರಂಗವಾಗಿ ಬರೆದರು. ಮಡದಿಯ ವಿಷಯದಲ್ಲಿ ಇಷ್ಟು ಕಠಿಣರಾಗಬೇಕಿತ್ತೇ ಎಂದು ಕೇಳುವವರು ಕೇಳಲಿ. ಆದರೆ ಸಾರ್ವಜನಿಕ ದ್ರವ್ಯದಲ್ಲಿ ನಾಲ್ಕು ರೂಪಾಯಿಗೂ ಲೆಕ್ಕವುಂಟೆಂಬ ನಿಯಮವು ಅಂದು ಸ್ಥಾಪಿತವಾಯಿತು. ಆ ನಿಯಮದ ಮುಂದೆ ಕಾಂಕಾರ್ಡ್ ವಿಮಾನವನ್ನಿಟ್ಟು ತೂಗಿ ನೋಡಿರಿ!

ಎರಡನೆಯ ವಾದ: “ಆಡಳಿತ ಮಂಡಲದಲ್ಲಿ ಗಣ್ಯರಿದ್ದಾರೆ, ಅವರು ನೋಡಿಕೊಳ್ಳುತ್ತಾರೆ.” ಆ ಮಂಡಲದಲ್ಲಿಯೂ ಗಣ್ಯರಿದ್ದರು. ಐ.ಬಿ.ಎಂ. ಮೊದಲಾದ ಮಹಾ ಕಂಪನಿಗಳ ಅಧಿಪತಿಗಳೇ ಅಲ್ಲಿ ಕುಳಿತಿದ್ದರು. ತಮ್ಮ ಕಂಪನಿಯ ಲೆಕ್ಕದಲ್ಲಿ ಬಿಡಿಗಾಸನ್ನೂ ಬಿಡದ ಈ ಮಹನೀಯರು ಬಡವರ ಲೆಕ್ಕಕ್ಕೆ ಬಂದಾಗ ಕನ್ನಡಕವನ್ನು ಮನೆಯಲ್ಲಿಟ್ಟು ಬಂದಿದ್ದರೇ? ಹೆಸರು ಕೊಟ್ಟು ನಿದ್ರೆ ಹೋಗುವ ಗಣ್ಯನು ಸಂಸ್ಥೆಗೆ ಭೂಷಣವಲ್ಲ. ಅವನ ಹೆಸರಿನ ನೆರಳಿನಲ್ಲಿಯೇ ಅಪಹಾರಕ್ಕೆ ತಂಪು.

ಮೂರನೆಯ ವಾದವೇ ಎಲ್ಲಕ್ಕಿಂತ ಅಪಾಯಕರವಾದುದು. “ಜನರು ಸಿಟ್ಟಾದರೆ ಕೊಡುವುದನ್ನು ನಿಲ್ಲಿಸುತ್ತಾರೆ, ಕೊನೆಗೆ ಸಾಯುವವನು ಬಡವ.” ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆ ವರ್ಷದ ಸಂಗ್ರಹವು ಇಳಿಯಿತು. ವ್ಯಾಪಾರದ ಕುಸಿತವೂ ಅದಕ್ಕೆ ಕೂಡಿಕೊಂಡಿತ್ತು. ಆದರೆ ಈ ಇಳಿತದ ಪಾಪವು ಯಾರ ತಲೆಯ ಮೇಲೆ? ಬೇಲಿಯೇ ಹೊಲವನ್ನು ಮೇಯ್ದಾಗ, ಮೇಯ್ದಿತೆಂದು ಕೂಗಿದವನನ್ನು ಹಿಡಿದು ಬೆಳೆನಾಶದ ಹೊಣೆಯನ್ನು ಹೊರಿಸುವುದು ಯಾವ ನ್ಯಾಯ?

ಅಲ್ಲದೆ ಕೋಪಕ್ಕೂ ಒಂದು ವಿವೇಕದ ಮಾರ್ಗವುಂಟು. ಅದನ್ನು ಅಲ್ಲಿಯ ಶಾಖೆಗಳೇ ತೋರಿಸಿಕೊಟ್ಟವು. ಹಲವು ಶಾಖೆಗಳು ಕೇಂದ್ರಕ್ಕೆ ಸಲ್ಲಬೇಕಾದ ಪಾಲನ್ನು ತಡೆಹಿಡಿದವು. ಊಟವು ಹಸಿದವನಿಗೆ ನಿಲ್ಲಲಿಲ್ಲ, ಮೇಜಿನ ಹಿಂದೆ ಕುಳಿತವನಿಗೆ ನಿಂತಿತು. ಫಲವೇನಾಯಿತು? ಹೊಸ ಅಧ್ಯಕ್ಷರಿಗೆ 1,95,000 ಡಾಲರುಗಳ ಸಂಬಳವು ಗೊತ್ತಾಯಿತು. ಆಡಳಿತ ಮಂಡಲದಲ್ಲಿ ಶಾಖೆಗಳ ಪ್ರತಿನಿಧಿಗಳಿಗೆ ಸ್ಥಾನವು ದೊರೆಯಿತು. ಮೌನದಿಂದ ಇಪ್ಪತ್ತೆರಡು ವರುಷಗಳಲ್ಲಿ ಆಗದುದನ್ನು ಕೋಪವು ಕೆಲವು ತಿಂಗಳುಗಳಲ್ಲಿ ಮಾಡಿತು.

ಕದ್ದರೆ ಮಾತ್ರ ದುರುಪಯೋಗವೆಂದೂ ತಿಳಿಯಬಾರದು. 2001ರ ಸೆಪ್ಟೆಂಬರ್ 11ರ ಘೋರ ದಾಳಿಯ ತರುವಾಯ ಅಮೇರಿಕೆಯ ರೆಡ್ ಕ್ರಾಸಿನ ‘ಲಿಬರ್ಟಿ ನಿಧಿ’ಗೆ ಜನರು 50 ಕೋಟಿ ಡಾಲರುಗಳಿಗೂ ಮಿಕ್ಕಿ ಸುರಿದರು. ಅದರಲ್ಲೊಂದು ದೊಡ್ಡ ಪಾಲನ್ನು ಮುಂದಿನ ಬೇರೆ ಕಾರ್ಯಗಳಿಗೆಂದು ಎತ್ತಿಡಲು ಸಂಸ್ಥೆಯು ಹವಣಿಸಿತು. ಇಲ್ಲಿ ಯಾರೂ ಜೇಬಿಗಿಳಿಸಲಿಲ್ಲ. ಆದರೂ ಕೊಟ್ಟವರು ಕೆರಳಿದರು, ಶಾಸನಸಭೆಯು ಪ್ರಶ್ನಿಸಿತು. ನವೆಂಬರಿನಲ್ಲಿ ಇಡಿಯ ನಿಧಿಯನ್ನು ಆ ಸಂಕಟಕ್ಕೆ ಗುರಿಯಾದವರಿಗೇ ವಿನಿಯೋಗಿಸುವೆವೆಂದು ಸಂಸ್ಥೆಯು ಸಾರಬೇಕಾಯಿತು. ಜನರ ಕೋಪವು ಧರ್ಮವನ್ನು ಕೊಲ್ಲುವುದೆಂಬವರು ಇದಕ್ಕೇನು ಹೇಳುತ್ತಾರೆ?

ವಕೀಲಿ ವೃತ್ತಿಯವನಾದ ನಾನು ವಾಚಕರಿಗೆ ಇನ್ನೊಂದು ಮಾತನ್ನು ಅರಿಕೆ ಮಾಡಬೇಕು. ಲೆಕ್ಕ ಕೇಳುವ ಹಕ್ಕು ನಮ್ಮ ದೇಶದಲ್ಲಿ ಯಾರ ದಯೆಯೂ ಅಲ್ಲ. 1908ರ ದಿವಾಣಿ ವ್ಯವಹಾರ ಸಂಹಿತೆಯ 92ನೆಯ ಕಲಮಿನ ಪ್ರಕಾರ ಸಾರ್ವಜನಿಕ ಧರ್ಮನಿಧಿಯಲ್ಲಿ ಹಿತಾಸಕ್ತಿಯುಳ್ಳ ಇಬ್ಬರು, ನ್ಯಾಯಾಲಯದ ಅಪ್ಪಣೆ ಪಡೆದು ದಾವೆ ಹೂಡಬಹುದು. ಲೆಕ್ಕವನ್ನು ಒಪ್ಪಿಸುವಂತೆ, ಅವಶ್ಯವಿದ್ದರೆ ವಿಶ್ವಸ್ತರನ್ನೇ ತೆಗೆದುಹಾಕುವಂತೆ ಬೇಡಿಕೊಳ್ಳಬಹುದು. ಗಮನಿಸಿರಿ, ಇಬ್ಬರು ಸಾಕು! ಇನ್ನು ನಂಬಿ ಒಪ್ಪಿಸಿದ ಸ್ವತ್ತನ್ನು ಅಪ್ರಾಮಾಣಿಕತೆಯಿಂದ ನುಂಗುವುದು 1860ರ ದಂಡಸಂಹಿತೆಯಲ್ಲಿ ಅಪರಾಧವಾಗಿತ್ತು, 2024ರ ಜುಲೈಯಿಂದ ಅದರ ಸ್ಥಾನದಲ್ಲಿ ನಿಂತ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅಪರಾಧವೇ ಆಗಿದೆ.

ಕಾಯಿದೆಯಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ಕೇಳುವ ಬಾಯಿಗಳಲ್ಲಿ. ಆದುದರಿಂದ ವಂತಿಗೆಯ ಪುಸ್ತಕವು ಬಾಗಿಲಿಗೆ ಬಂದಾಗ ಕೈಯಾರೆ ಕೊಡಿರಿ. ಕೊಡುವಾಗಲೇ ಪಾವತಿಯನ್ನು ಕೇಳಿರಿ. ವರ್ಷಾಂತ್ಯಕ್ಕೆ ತಪಾಸಣೆಯಾದ ಜಮಾಖರ್ಚಿನ ಪತ್ರವನ್ನು ಕೇಳಿರಿ. ಮುಖ್ಯಸ್ಥನ ಸಂಬಳವೆಷ್ಟು, ಪ್ರವಾಸದ ವೆಚ್ಚವೆಷ್ಟು, ಬಡವನ ಕೈಗೆ ಮುಟ್ಟಿದುದೆಷ್ಟು ಎಂಬುದನ್ನು ಸಭೆಯಲ್ಲಿ ಎದ್ದು ನಿಂತು ಕೇಳಿರಿ. ಪ್ರಾಮಾಣಿಕನಾದ ಕಾರ್ಯದರ್ಶಿಯು ಈ ಪ್ರಶ್ನೆಗೆ ಸಂತೋಷದಿಂದ ಕಡತವನ್ನು ಬಿಚ್ಚುವನು. ಕೇಳಿದುದಕ್ಕೇ ಮುನಿಯುವವನ ಕಡತವನ್ನು ಮಾತ್ರ ಎರಡು ಸಲ ನೋಡಿರಿ.